ಹಳೆಯ ಹಾಯಿದೋಣಿಗಳ ಒಡೆಯರಿಗೆ: ಚುಕ್ಕಾಣಿಯ ವಿಷಯವಾಗಿ ಒಂದು ಬಹಿರಂಗ ಪತ್ರ

ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಹಳೆಯ ಹಾಯಿದೋಣಿಗಳನ್ನು ಕೊಂಡು ನಡೆಸುತ್ತಿರುವ ಕನ್ನಡ ಬಂಧುಗಳಲ್ಲಿ ವಿಜ್ಞಾಪನೆ.



ಅಲಮೀಡ, ಬರ್ಕ್ಲಿ, ರಿಚ್‌ಮಂಡ್ ಮೊದಲಾದ ಊರುಗಳ ದೋಣಿಕಟ್ಟೆಗಳಲ್ಲಿ ಈಚೀಚೆಗೆ ಕನ್ನಡದ ಮಾತು ಆಗಾಗ ಕಿವಿಗೆ ಬೀಳುತ್ತಿರುವುದು ನನಗೆ ಬಹು ಸಂತೋಷವನ್ನುಂಟುಮಾಡಿರುವ ಸಂಗತಿ. ಇಬ್ಬರೋ ಮೂವರೋ ಗೆಳೆಯರು ಕೂಡಿ, ಬಳಸಿದ ಕಾರೊಂದರ ಬೆಲೆಗೆ, ತಮಗಿಂತ ವಯಸ್ಸಿನಲ್ಲಿ ಹಿರಿದಾದ ಹಾಯಿದೋಣಿಯೊಂದನ್ನು ಕೊಂಡು, ರಜೆಯ ದಿನಗಳಲ್ಲಿ ಮಡದಿಮಕ್ಕಳನ್ನೂ ಊರಿನಿಂದ ಬಂದಿರುವ ತಂದೆತಾಯಿಗಳನ್ನೂ ಕೂರಿಸಿಕೊಂಡು ಏಂಜೆಲ್ ದ್ವೀಪವನ್ನು ಸುತ್ತಿ ಬರುವ ಈ ಉತ್ಸಾಹಕ್ಕೆ ಯಾರಾದರೂ ತಲೆದೂಗಬೇಕಾದುದೇ. ಆದರೆ ಈ ಬೇಸಿಗೆಯಲ್ಲಿ ನಿಮ್ಮಲ್ಲಿ ಹಲವರೊಡನೆ ಮಾತನಾಡುವಾಗ ಎರಡು ಸಂಗತಿಗಳು ಒಟ್ಟೊಟ್ಟಿಗೆ ನನ್ನ ಗಮನಕ್ಕೆ ಬಂದುವು: ಒಂದು, ಮಳೆಗಾಲಕ್ಕೆ ಮುಂಚೆ ಗೋಲ್ಡನ್ ಗೇಟ್ ಸೇತುವೆಯನ್ನು ದಾಟಿ ಫ್ಯಾರಲಾನ್ ದ್ವೀಪಗಳವರೆಗೆ ಹೋಗಿಬರಬೇಕೆಂಬ ನಿಮ್ಮ ಸಂಕಲ್ಪ, ಇನ್ನೊಂದು, ಚಕ್ರ ಯಾಕೋ ಬಿಗಿಯಾಗಿದೆ, ಹಿಂಭಾಗದಲ್ಲಿ ಏನೋ ಗಡಗಡ ಎನ್ನುತ್ತದೆ, ದೋಣಿ ಒಂದೊಂದು ಸಲ ಹೇಳಿದ ಮಾತು ಕೇಳುವುದಿಲ್ಲ ಎಂದು ನೀವು ಹಗುರವಾಗಿ ಆಡಿಬಿಡುವ ಮಾತುಗಳು. ಈ ಎರಡನೆಯದನ್ನು ಇತ್ಯರ್ಥಪಡಿಸಿಕೊಳ್ಳದೆ ಮೊದಲನೆಯದಕ್ಕೆ ಕೈಹಾಕಕೂಡದೆಂದು ಪ್ರಾರ್ಥಿಸುವುದೇ ಈ ಪತ್ರದ ಉದ್ದೇಶ.

ದೋಷ ತೋರಿದ ಕೂಡಲೆ ನೀವು ಯೋಚಿಸುವ ಪರಿಹಾರಗಳು ನನಗೆ ಇನ್ನೂ ಹೆಚ್ಚಿನ ಚಿಂತೆಯನ್ನುಂಟುಮಾಡಿವೆ. ಒಬ್ಬರು ಚಕ್ರದ ಕೇಬಲ್ಲುಗಳನ್ನೆಲ್ಲ ಕಿತ್ತು ಹೊಸದು ಹಾಕಿಸುವ ಯೋಚನೆಯಲ್ಲಿದ್ದಾರೆ. ಮತ್ತೊಬ್ಬರು ಇನ್ನೂ ದೊಡ್ಡ ಚಕ್ರ ಕೂರಿಸಿದರೆ ಕೈಗೆ ಹಗುರವಾದೀತೆಂದು ಅಳತೆ ತೆಗೆಯಿಸಿದ್ದಾರೆ. ಮಗುದೊಬ್ಬರಂತೂ ತಮ್ಮ ಕೈಗೆ ಆಗದ ಕೆಲಸವನ್ನು ಹೆಚ್ಚು ಶಕ್ತಿಯ ಆಟೋಪೈಲಟ್ ಮಾಡಿಕೊಳ್ಳಲೆಂದು ಅದಕ್ಕೆ ಹಣ ಕೂಡಿಡುತ್ತಿದ್ದಾರೆ. ದೋಷವು ಎಲ್ಲಿದೆಯೆಂಬುದನ್ನು ನಿರ್ಣಯಿಸುವುದಕ್ಕೆ ಮುನ್ನವೇ ಬಿಡಿಭಾಗಗಳನ್ನು ಕೊಳ್ಳಹೊರಡುವ ಈ ಕ್ರಮವು ದುಂದುವೆಚ್ಚಕ್ಕೆ ದಾರಿಯಾಗುವುದಲ್ಲದೆ, ಏನೋ ಸರಿಪಡಿಸಿದ್ದೇವೆಂಬ ಸುಳ್ಳು ನೆಮ್ಮದಿಯನ್ನು ಕೊಡುವುದರಿಂದ, ಏನೂ ಮಾಡದೆ ಸುಮ್ಮನಿರುವುದಕ್ಕಿಂತಲೂ ಹೆಚ್ಚು ಅಪಾಯಕರವೆಂದು ನಾನು ದೃಢವಾಗಿ ನಂಬಿದ್ದೇನೆ.

ಫೈಬರ್‌ಗ್ಲಾಸಿನ ದೋಣಿಗಳು ಕಾರ್ಖಾನೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿ ಈಗ ಅರುವತ್ತು ವರ್ಷಗಳಿಗೂ ಮೇಲಾಯಿತು. 1959ರಲ್ಲಿ ನ್ಯೂಯಾರ್ಕಿನ ದೋಣಿ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಪಿಯರ್ಸನ್ ಟ್ರೈಟನ್ ಎಂಬ ಮಾದರಿಯ ದೋಣಿಗಳು ಇಂದಿಗೂ ಈ ಕೊಲ್ಲಿಯಲ್ಲಿ ಓಡಾಡುತ್ತಿವೆ. ಹೀಗೆ ಒಡಲು ಗಟ್ಟಿಯಾಗಿ ನಿಂತಿರುವುದನ್ನು ಕಂಡು, ಅದರೊಡನೆ ಹುಟ್ಟಿದ ಉಳಿದ ಅಂಗಗಳೂ ಅಷ್ಟೇ ಗಟ್ಟಿಯಾಗಿರಬಹುದೆಂದು ಊಹಿಸುವುದು ಸಹಜವಾದರೂ, ಚುಕ್ಕಾಣಿಯ ಮಟ್ಟಿಗೆ ಈ ಊಹೆ ಸರ್ವಥಾ ಸಲ್ಲದು. 1960ರ ದಶಕದ ಕೊನೆಯಿಂದೀಚೆಗೆ ಕಟ್ಟಿದ ಬಹುಪಾಲು ದೋಣಿಗಳಲ್ಲಿ ಚುಕ್ಕಾಣಿಯೆಂಬುದು ಮೂರು ಬೇರೆಬೇರೆ ವಸ್ತುಗಳ ಕೂಟ: ನಡುವೆ ಸ್ಟೇನ್‌ಲೆಸ್ ಸ್ಟೀಲಿನ ದಂಡ, ಆ ದಂಡಕ್ಕೆ ಬೆಸುಗೆ ಹಾಕಿ ನಿಲ್ಲಿಸಿದ ಉಕ್ಕಿನ ಪಟ್ಟಿಗಳು, ಅವುಗಳ ಸುತ್ತ ತುಂಬಿದ ಫೋಮ್, ಇವೆಲ್ಲವನ್ನೂ ಮುಚ್ಚಿರುವ ಫೈಬರ್‌ಗ್ಲಾಸಿನ ಎರಡು ಚಿಪ್ಪುಗಳು. ಉಕ್ಕಿಗೂ ಫೈಬರ್‌ಗ್ಲಾಸಿಗೂ ಅಂಟು ಚೆನ್ನಾಗಿ ಹಿಡಿಯುವುದಿಲ್ಲ. ಬಿಸಿಲಿಗೂ ಚಳಿಗೂ ಅವು ಹಿಗ್ಗುವ ಕುಗ್ಗುವ ಪ್ರಮಾಣವೂ ಒಂದೇ ಅಲ್ಲ. ಆದುದರಿಂದ ದಂಡವು ಚುಕ್ಕಾಣಿಯ ಹಲಗೆಯೊಳಗೆ ಪ್ರವೇಶಿಸುವ ಕಡೆ, ಕೂದಲೆಳೆಯಷ್ಟು ಸಂದು, ಇಂದಲ್ಲದಿದ್ದರೆ ನಾಳೆ, ಬಿಟ್ಟೇಬಿಡುತ್ತದೆ. ಆ ಸಂದಿನಿಂದ ಉಪ್ಪುನೀರು ಒಳಗಿಳಿಯುತ್ತದೆ. ಇಳಿದ ನೀರು ಹೊರಕ್ಕೆ ಬರಲಾರದೆ ಅಲ್ಲಿಯೇ ನಿಂತುಬಿಡುತ್ತದೆ.

ಸ್ಟೇನ್‌ಲೆಸ್ ಎಂದಮೇಲೆ ತುಕ್ಕು ಎಲ್ಲಿಂದ ಬರಬೇಕೆಂದು ನೀವು ಕೇಳಬಹುದು. ಆ ಲೋಹವನ್ನು ಕಾಪಾಡುವುದು ಅದರ ಮೈಮೇಲೆ ತಾನಾಗಿ ಕಟ್ಟಿಕೊಳ್ಳುವ ಕ್ರೋಮಿಯಂ ಆಕ್ಸೈಡಿನ ಅತಿ ತೆಳುವಾದ ಪೊರೆ. ಆ ಪೊರೆ ಮತ್ತೆ ಮತ್ತೆ ಕಟ್ಟಿಕೊಳ್ಳಬೇಕಾದರೆ ಆಮ್ಲಜನಕವು ಬೇಕೇ ಬೇಕು. ಗಾಳಿಯಾಡುವ ಕಡೆಯಲ್ಲಿಯೂ ಹರಿಯುವ ನೀರಿನಲ್ಲಿಯೂ ಆಮ್ಲಜನಕಕ್ಕೆ ಕೊರತೆಯಿಲ್ಲ. ಆದರೆ ಒದ್ದೆಯಾದ ಫೋಮಿನ ನಡುವೆ, ಬೆಸುಗೆಯ ಸಂದುಗಳಲ್ಲಿ, ವರ್ಷಾನುಗಟ್ಟಲೆ ನಿಂತ ಉಪ್ಪುನೀರಿನಲ್ಲಿ ಅದು ಮುಗಿದುಹೋಗುತ್ತದೆ, ಪೊರೆ ಹರಿಯುತ್ತದೆ, ಹೊರಗೆ ಕನ್ನಡಿಯಂತೆ ಹೊಳೆಯುವ ಅದೇ ಉಕ್ಕು ಒಳಗೆ ಹುಳುಕು ಹಿಡಿದು ಸಣ್ಣಸಣ್ಣ ಗುಳಿಗಳಾಗಿ ಸವೆಯುತ್ತದೆ. ನಮ್ಮ ಹೊನ್ನಾವರ ಕುಮಟಗಳ ಕಡೆಯ ಪತ್ತೇಮಾರಿಗಳಲ್ಲಿಯೂ ಮಚವೆಗಳಲ್ಲಿಯೂ ಚುಕ್ಕಾಣಿಯು ದೋಣಿಯ ಹಿಂಬದಿಗೆ ಹೊರಗಡೆಯೇ ತೂಗುಹಾಕಿದ ಮರದ ಹಲಗೆಯಾಗಿರುತ್ತಿದ್ದುದರಿಂದ, ದೋಣಿಯನ್ನು ದಡಕ್ಕೆಳೆದಾಗಲೆಲ್ಲ ಖಲಾಸಿಯ ಕಣ್ಣು ತಾನಾಗಿಯೇ ಅದರ ಮೇಲೆ ಬೀಳುತ್ತಿತ್ತು. ನಿಮ್ಮ ದೋಣಿಯ ಚುಕ್ಕಾಣಿಯಾದರೋ ಒಡಲಿನ ಅಡಿಯಲ್ಲಿ, ನೀರಿನೊಳಗೆ, ಬಣ್ಣ ಬಳಿದ ಚಿಪ್ಪಿನ ಮರೆಯಲ್ಲಿ ಅಡಗಿಕೊಂಡಿದೆ. ಅದನ್ನು ನೀವಾಗಿ ಹುಡುಕಿಕೊಂಡು ಹೋಗದ ಹೊರತು ಅದು ತನ್ನ ಸ್ಥಿತಿಯನ್ನು ತೋರಿಸುವುದಿಲ್ಲ.

ಈಗ ಪರೀಕ್ಷೆಯ ಕ್ರಮಕ್ಕೆ ಬರೋಣ. ಚಕ್ರ ಹಿಡಿದ ಕೈಗೆ ತಿಳಿಯುವ ತೊಂದರೆಗಳು ಸ್ಥೂಲವಾಗಿ ಕೆಲವೇ: ಬಿಗಿತ, ಸಡಿಲು, ನಡುಕ, ಮತ್ತು ಚಕ್ರವು ನೇರವಾಗಿದ್ದರೂ ದೋಣಿ ನೇರವಾಗಿ ಹೋಗದಿರುವುದು. ಇವುಗಳಲ್ಲಿ ನೀವು ಎಲ್ಲಕ್ಕಿಂತ ಹೆಚ್ಚಾಗಿ ದೂರುವುದು ಬಿಗಿತವನ್ನು. ಆದುದರಿಂದ ಅದರ ವಿಷಯವನ್ನೇ ಕೊಂಚ ವಿಸ್ತಾರವಾಗಿ ಹೇಳುತ್ತೇನೆ.

ಬೇಸಿಗೆಯ ಮಧ್ಯಾಹ್ನಗಳಲ್ಲಿ ಕ್ಯಾಲಿಫೋರ್ನಿಯದ ಒಳನಾಡಿನ ಕಣಿವೆ ಕಾದು, ಅಲ್ಲಿ ಮೇಲೇರಿದ ಬಿಸಿಗಾಳಿಯ ಎಡೆಯನ್ನು ತುಂಬುವುದಕ್ಕಾಗಿ ಕಡಲಿನ ತಣ್ಣನೆಯ ಗಾಳಿ ಗೋಲ್ಡನ್ ಗೇಟಿನ ಇಕ್ಕಟ್ಟಿನಲ್ಲಿ ನುಗ್ಗಿ ಬರುವುದರಿಂದ, ಆಲ್ಕಟ್ರಾಜ್‌ನಿಂದ ಬರ್ಕ್ಲಿಯ ಕಡೆಗಿನ ನೀರಿನಲ್ಲಿ 20–25 ನಾಟ್‌ಗಳ ಗಾಳಿ ಪ್ರತಿದಿನದ ಮಾತು. ಅಂಥ ಗಾಳಿಯಲ್ಲಿ ಹಾಯಿಯನ್ನು ಪೂರ್ತಿ ಬಿಚ್ಚಿಕೊಂಡು, ದೋಣಿಯನ್ನು ಅತಿಯಾಗಿ ವಾಲಿಸಿಕೊಂಡು ಹೊರಟರೆ, ಎಂಥ ಹೊಸ ದೋಣಿಯಾದರೂ ಗಾಳಿಯತ್ತ ಮುಖ ತಿರುಗಿಸಲು ಹವಣಿಸುತ್ತದೆ, ಚಕ್ರ ಭಾರವಾಗಿಯೇ ಆಗುತ್ತದೆ. ದೊಡ್ಡ ಹಾಯಿಯು ಹಳೆಯದಾಗಿ ಬಟ್ಟೆ ಜಗ್ಗಿಹೋಗಿ ಅದರ ಉಬ್ಬು ಹಿಂದಕ್ಕೆ ಸರಿದಿದ್ದರಂತೂ ಈ ಪ್ರವೃತ್ತಿ ಇಮ್ಮಡಿಯಾಗುವುದು. ಇದು ಚುಕ್ಕಾಣಿಯ ದೋಷವಲ್ಲ. ಹಾಯಿಯನ್ನು ಒಂದು ಮಡಿಕೆ ಕಿರಿದುಮಾಡಿ ನೋಡಿ. ಚಕ್ರ ಹಗುರವಾಯಿತೆಂದರೆ ನೀವು ಹೋಗಬೇಕಾದುದು ಹಾಯಿ ಹೊಲಿಯುವವನ ಬಳಿಗೆ. ಎದುರುಗಾಳಿಗೆ ಸಾಗುವಾಗ ಚುಕ್ಕಾಣಿಯನ್ನು ಮೂರರಿಂದ ಐದು ಡಿಗ್ರಿಯಷ್ಟು ತಿರುಗಿಸಿ ಹಿಡಿಯಬೇಕಾಗಿ ಬಂದರೆ ಅದು ಸ್ವಾಭಾವಿಕವೇ. ಹದಿನೈದು ಡಿಗ್ರಿಯನ್ನು ಮೀರಿದರೆ ಚುಕ್ಕಾಣಿಯು ದೋಣಿಯನ್ನು ತಿರುಗಿಸುವುದಕ್ಕಿಂತ ಹೆಚ್ಚಾಗಿ ತಡೆದು ನಿಲ್ಲಿಸತೊಡಗುತ್ತದೆ.

ಹಾಯಿಯ ತಪ್ಪೋ ಚುಕ್ಕಾಣಿಯ ತಪ್ಪೋ ಎಂಬುದನ್ನು ಬೇರ್ಪಡಿಸುವುದಕ್ಕೆ, ಬೆಳಗಿನ ಹೊತ್ತು, ಗಾಳಿ ಏಳುವ ಮುಂಚೆ, ದೋಣಿಯನ್ನು ಕಟ್ಟೆಗೆ ಕಟ್ಟಿಹಾಕಿರುವಂತೆಯೇ ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನಿಧಾನವಾಗಿ ತಿರುಗಿಸಿ ನೋಡಿ. ಎರಡು ಬೆರಳಿನ ಬಲಕ್ಕೆ ಅದು ಸಮನಾಗಿ ತಿರುಗಬೇಕು. ತಿರುಗದಿದ್ದರೆ, ಅಥವಾ ತಿರುಗುವಾಗ ನಡುವೆ ಎಲ್ಲಿಯೋ ಒಂದೆಡೆ ಹಿಡಿದುಕೊಂಡು ಮತ್ತೆ ಬಿಟ್ಟರೆ, ದೋಷವಿರುವುದು ನಿಜ. ಆಗ ಮಾಡಬೇಕಾದ ಕೆಲಸ ಒಂದೇ. ಇದನ್ನು ಬಿಟ್ಟು ಬೇರೆ ಏನು ಮಾಡಿದರೂ ಅದು ಕತ್ತಲೆಯಲ್ಲಿ ತಡಕಾಡಿದಂತೆ. ಹಿಂಭಾಗದ ಪೆಟ್ಟಿಗೆಯೊಳಕ್ಕಿಳಿದು, ಚುಕ್ಕಾಣಿಯ ದಂಡದ ತಲೆಗೆ ಬಿಗಿದಿರುವ ಕ್ವಾಡ್ರಂಟಿನಿಂದ ಕೇಬಲ್ಲುಗಳೆರಡನ್ನೂ ಬಿಚ್ಚಿರಿ. ಆಟೋಪೈಲಟ್ ಇದ್ದರೆ ಅದರ ತೋಳನ್ನೂ ಬಿಚ್ಚಿರಿ, ಏಕೆಂದರೆ ಆರಿಸಿಟ್ಟಿರುವಾಗಲೂ ಕೆಲವು ಆಟೋಪೈಲಟ್ಟುಗಳು ಎಳೆತವನ್ನು ಕೊಡುತ್ತವೆ. ಅನಂತರ ಆಪತ್ಕಾಲಕ್ಕೆಂದು ದೋಣಿಯೊಡನೆ ಬಂದಿರುವ ಹಿಡಿಕೋಲನ್ನು ದಂಡದ ತಲೆಗೆ ಸಿಕ್ಕಿಸಿ ಚುಕ್ಕಾಣಿಯನ್ನು ಅತ್ತಿತ್ತ ಆಡಿಸಿರಿ. ಈಗಲೂ ಬಿಗಿಯೇ ಎಂದಾದರೆ ದೋಷವು ಕೆಳಗೆ, ಚುಕ್ಕಾಣಿಯಲ್ಲಿದೆ. ಸಲೀಸಾಗಿ ಆಡಿದರೆ ಮೇಲೆ, ಚಕ್ರದಿಂದ ಕ್ವಾಡ್ರಂಟಿನವರೆಗಿನ ವ್ಯವಸ್ಥೆಯಲ್ಲಿದೆ. ಅರ್ಧ ಗಂಟೆಯ ಈ ಕೆಲಸವು ಹುಡುಕಬೇಕಾದ ಕ್ಷೇತ್ರವನ್ನು ಒಮ್ಮೆಲೇ ಅರ್ಧಕ್ಕೆ ಇಳಿಸುವುದರಿಂದ, ನಾನು ಬಲ್ಲ ಪರೀಕ್ಷೆಗಳಲ್ಲೆಲ್ಲ ಇದೇ ಶ್ರೇಷ್ಠವಾದುದು.

ಇನ್ನೊಂದು ಪ್ರಯೋಜನವೂ ಇದರಲ್ಲಿದೆ. ಆಪತ್ಕಾಲದ ಆ ಹಿಡಿಕೋಲನ್ನು ನಿಮ್ಮಲ್ಲಿ ಎಷ್ಟು ಮಂದಿ ಒಮ್ಮೆಯಾದರೂ ಸಿಕ್ಕಿಸಿ ನೋಡಿದ್ದೀರಿ? ಡೆಕ್ಕಿನಲ್ಲಿರುವ ಅದರ ಮುಚ್ಚಳವು ಮೂವತ್ತು ವರ್ಷಗಳಿಂದ ತೆರೆಯದೆ ಕಚ್ಚಿಕೊಂಡಿರುವುದನ್ನೂ, ಕೋಲು ಚಕ್ರದ ಕಂಬಕ್ಕೆ ತಗುಲಿ ಒಂದೇ ಕಡೆಗೆ ತಿರುಗುವುದನ್ನೂ, ಅದರ ಬಾಯಿ ಈ ದಂಡಕ್ಕೆ ಹೊಂದದೆ ಬೇರಾವುದೋ ದೋಣಿಯದೆಂದು ಗೊತ್ತಾಗುವುದನ್ನೂ ನಾನು ಕಂಡಿದ್ದೇನೆ. ಅದು ಗೊತ್ತಾಗಬೇಕಾದ ಸ್ಥಳ ಕಟ್ಟೆಯೇ.

ಕೆಳಗಿನ ಅರ್ಧದಲ್ಲಿ ಬಿಗಿತವಿದ್ದರೆ ಮೊದಲು ಸಂಶಯಿಸಬೇಕಾದುದು ದಂಡವು ತಿರುಗುವ ಬುಷ್‌ಗಳನ್ನು. ಹಳೆಯ ದೋಣಿಗಳಲ್ಲಿ ಇವು ಎಷ್ಟೋ ಕಡೆ ನೈಲಾನಿನವು. ನೈಲಾನು ನೀರು ಕುಡಿದು ಊದಿಕೊಳ್ಳುವ ವಸ್ತು. ಹಿಂದಿನ ಒಡೆಯರು ಹೊಸ ಬುಷ್ ಹಾಕಿಸಿದ್ದೇವೆಂದು ಹೆಮ್ಮೆಯಿಂದ ಹೇಳಿದ್ದರೆ ಈ ಸಂಶಯ ಇನ್ನೂ ಹೆಚ್ಚಾಗಬೇಕು, ಏಕೆಂದರೆ ಒಣಗಿದ ಬುಷ್ಷನ್ನು ದಂಡಕ್ಕೆ ಸರಿಯಾಗಿ ಕೊರೆದು ಕೂರಿಸಿ, ನೀರಿಗಿಳಿಸಿದ ಕೆಲವೇ ತಿಂಗಳುಗಳಲ್ಲಿ ಅದು ದಂಡವನ್ನು ಕಚ್ಚಿಕೊಳ್ಳುವುದು ಬಹಳ ಕಡೆ ನಡೆದಿರುವ ಸಂಗತಿ. ಇದಕ್ಕೆ ಗ್ರೀಸು ಮದ್ದಲ್ಲ. ದಂಡವನ್ನು ಇಳಿಸಿ ಬುಷ್ಷಿನ ಒಳಮೈಯನ್ನು ಸಾವಕಾಶವಾಗಿ ಉಜ್ಜಿ ಸಡಿಲಿಸಬೇಕು. ಎರಡನೆಯದು, ಒಡಲಿನೊಳಕ್ಕೆ ನೀರು ಬಾರದಂತೆ ದಂಡದ ಸುತ್ತ ಪ್ಯಾಕಿಂಗ್ ತುಂಬಿರುವ ಸ್ಟಫಿಂಗ್ ಬಾಕ್ಸು. ಅದರ ನಟ್ಟನ್ನು ಯಾರೋ ಅತಿಯಾಗಿ ಬಿಗಿದಿರಬಹುದು. ಮೂರನೆಯದು, ಎಂದೋ ನೆಲಕ್ಕೆ ತಗುಲಿ ಬಾಗಿದ ದಂಡ. ಇದರ ಗುರುತು ಸ್ಪಷ್ಟ: ಬಿಗಿತವು ಒಂದು ಕೋನದಲ್ಲಿ ಮಾತ್ರ ಕಾಣಿಸುವುದು, ಮತ್ತು ದೋಣಿಯನ್ನು ನೀರಿನಿಂದ ಎತ್ತಿದಾಗ ಚುಕ್ಕಾಣಿಯನ್ನು ತಿರುಗಿಸುತ್ತ ನೋಡಿದರೆ ಹಲಗೆಯ ಮೇಲಂಚಿಗೂ ಒಡಲಿಗೂ ನಡುವಣ ಸಂದು ಒಂದೆಡೆ ಕಿರಿದಾಗಿಯೂ ಇನ್ನೊಂದೆಡೆ ಹಿರಿದಾಗಿಯೂ ತೋರುವುದು.

ಮೇಲಿನ ಅರ್ಧದಲ್ಲಿ ದೋಷವಿದ್ದರೆ, ಅದನ್ನು ಕಾಣುವುದಕ್ಕೆ ಮೂವರು ಬೇಕು, ಒಂದು ಟಾರ್ಚು ಬೇಕು, ಮೈ ಮುದುರಿಕೊಂಡು ಪೆಟ್ಟಿಗೆಯೊಳಗೆ ಮಲಗುವ ಸಹನೆ ಬೇಕು. ಚಕ್ರದ ಕಂಬದೊಳಗೆ ಹಲ್ಲುಚಕ್ರದ ಮೇಲೆ ಸೈಕಲ್ಲಿನದನ್ನು ಹೋಲುವ ಚೈನು ಹಾದಿದೆ. ಚೈನಿನ ಎರಡು ತುದಿಗಳಿಂದ ಕೇಬಲ್ಲುಗಳು ಕೆಳಗಿಳಿದು, ರಾಟೆಗಳ ಮೇಲೆ ತಿರುವಿಕೊಂಡು ಕ್ವಾಡ್ರಂಟನ್ನು ಸೇರುತ್ತವೆ. 1859ರಲ್ಲಿ ಸ್ಥಾಪನೆಗೊಂಡು ಮ್ಯಾಸಚೂಸೆಟ್ಸ್ ಸಂಸ್ಥಾನದ ನ್ಯೂ ಬೆಡ್‌ಫರ್ಡ್‌ನಲ್ಲಿ ಇಂದಿಗೂ ನಡೆಯುತ್ತಿರುವ ಎಡ್ಸನ್ ಕಂಪನಿಯ ಸಾಮಾನು ನಿಮ್ಮಲ್ಲಿ ಹಲವರ ದೋಣಿಗಳಲ್ಲಿದೆ. ಅದರ ಬಿಡಿಭಾಗಗಳು ಈಗಲೂ ದೊರೆಯುತ್ತವೆಂಬುದು ಹಳೆಯ ದೋಣಿಯವರ ಪಾಲಿನ ಭಾಗ್ಯವೇ ಸರಿ. ಕೇಬಲ್ಲಿನಲ್ಲಿ ಏಳು ಎಳೆಗಳು, ಒಂದೊಂದು ಎಳೆಯಲ್ಲಿ ಹತ್ತೊಂಬತ್ತು ಸಣ್ಣ ತಂತಿಗಳು, ಒಟ್ಟು 133 ತಂತಿಗಳು. ಇವು ಮೊದಲು ಮುರಿಯುವುದು ರಾಟೆಯ ಮೇಲೆ ಬಾಗುವ ಜಾಗದಲ್ಲಿ. ಮುರಿದ ತಂತಿಯು ಕಣ್ಣಿಗೆ ಕಾಣದಷ್ಟು ಸಣ್ಣದು, ಬೆರಳಿಗೆ ಮುಳ್ಳಿನಂತೆ ಚುಚ್ಚಿಕೊಳ್ಳುವಂಥದು. ಬೆರಳಿನಿಂದ ಸವರಬೇಡಿ. ಮುಖ ಒರಸುವ ತೆಳ್ಳನೆಯ ಕಾಗದವನ್ನು ಕೇಬಲ್ಲಿನ ಸುತ್ತ ಸಡಿಲವಾಗಿ ಹಿಡಿದು ಉದ್ದಕ್ಕೂ ಎಳೆದುಕೊಂಡು ಹೋಗಿ. ಎಲ್ಲಿ ಕಾಗದದ ಚೂರು ಸಿಕ್ಕಿಕೊಂಡು ಬಿಳಿಯ ಎಸಳಾಗಿ ನಿಲ್ಲುತ್ತದೆಯೋ ಅಲ್ಲಿ ತಂತಿ ಮುರಿದಿದೆ. ಒಂದು ಎಸಳು ಕಂಡರೂ ಸಾಕು, ಕೇಬಲ್ಲನ್ನು ಬದಲಾಯಿಸತಕ್ಕದ್ದು. ಬದಲಾಯಿಸುವಾಗ ಎರಡನ್ನೂ ಬದಲಾಯಿಸತಕ್ಕದ್ದು.

ಆದರೆ ಹೊಸ ಕೇಬಲ್ಲು ಹಾಕಿದಮಾತ್ರಕ್ಕೆ, ಹಳೆಯದು ಏಕೆ ಮುರಿಯಿತೆಂಬ ಪ್ರಶ್ನೆ ತೀರುವುದಿಲ್ಲ. ರಾಟೆಯ ಕೆಳಗೆ ಹಳದಿಬಣ್ಣದ ಲೋಹದ ಹುಡಿ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ರಾಟೆಯು ಕೇಬಲ್ಲಿನ ದಾರಿಗೆ ನೇರವಾಗಿಲ್ಲ, ಕೇಬಲ್ಲು ಅದರ ಕೆನ್ನೆಯನ್ನು ತೇಯುತ್ತಿದೆಯೆಂದು ತಿಳಿಯಬೇಕು. ರಾಟೆಯನ್ನು ಬಿಗಿದಿರುವ ಪ್ಲೈವುಡ್ಡಿನ ಹಲಗೆಯಂತೂ ನಾನು ಕಂಡ ಹಳೆಯ ದೋಣಿಗಳಲ್ಲಿ ಬಹು ಮುಖ್ಯವಾದ ಗುಪ್ತ ದೋಷಸ್ಥಾನ: ಮೇಲೆ ಫೈಬರ್‌ಗ್ಲಾಸಿನ ಹೊದಿಕೆಯಿದ್ದು ಒಳಗೆ ಮರ ಕೊಳೆತಿರುತ್ತದೆ, ಸುಮ್ಮನಿರುವಾಗ ಎಲ್ಲವೂ ಸರಿಯಾಗಿ ಕಾಣುತ್ತದೆ, ಭಾರ ಬಿದ್ದಾಗ ಮಾತ್ರ ರಾಟೆ ತನ್ನ ಸ್ಥಾನದಿಂದ ಮೇಲೆದ್ದು, ಕೇಬಲ್ಲು ಸಡಿಲಗೊಂಡು, ರಾಟೆಯ ತೋಡಿನಿಂದ ಹೊರಕ್ಕೆ ಹಾರುತ್ತದೆ. ಆದುದರಿಂದ ಒಬ್ಬರು ಹಿಡಿಕೋಲಿನಿಂದ ಚುಕ್ಕಾಣಿಯನ್ನು ಅಲುಗದಂತೆ ಒತ್ತಿಹಿಡಿದಿರಲು, ಇನ್ನೊಬ್ಬರು ಚಕ್ರವನ್ನು ಬಲವಾಗಿ ಎಳೆಯುತ್ತಿರಲು, ಮೂರನೆಯವರು ಒಳಗಿನಿಂದ ರಾಟೆಗಳನ್ನು ನೋಡಬೇಕು. ಬೆರಳು, ತಲೆಗೂದಲು, ಅಂಗಿಯ ತೋಳು ಇವನ್ನು ಕೇಬಲ್ಲಿನಿಂದಲೂ ಕ್ವಾಡ್ರಂಟಿನಿಂದಲೂ ದೂರವಿಟ್ಟುಕೊಳ್ಳಬೇಕೆಂಬುದನ್ನು, ಮಕ್ಕಳಿದ್ದರೆ ಅವರನ್ನು ಆ ಹೊತ್ತಿನಲ್ಲಿ ಪೆಟ್ಟಿಗೆಯ ಹತ್ತಿರ ಸುಳಿಯಗೊಡಬಾರದೆಂಬುದನ್ನು ಒತ್ತಿ ಹೇಳುತ್ತೇನೆ.

ಸಡಿಲಿಗೆ ಕಾರಣ ಹುಡುಕುವುದು ಬಿಗಿತದಷ್ಟು ಕಷ್ಟವಲ್ಲ. ಚಕ್ರವನ್ನು ಬ್ರೇಕಿನಿಂದ ನಡುವಿನಲ್ಲಿ ನಿಲ್ಲಿಸಿ, ಕ್ವಾಡ್ರಂಟನ್ನು ಕೈಯಿಂದ ಆಡಿಸಿ ನೋಡಿ. ಆಡಿದರೆ ಕೇಬಲ್ಲು ಸಡಿಲ. ಹಾಗೆಂದು ತಂಬೂರಿಯ ತಂತಿಯಷ್ಟು ಬಿಗಿಯಬೇಡಿ, ರಾಟೆ ಸವೆಯುತ್ತದೆ, ನೀರಿನ ಸ್ಪರ್ಶವು ಕೈಗೆ ತಿಳಿಯದಾಗುತ್ತದೆ. ಕ್ವಾಡ್ರಂಟೇ ದಂಡದ ಮೇಲೆ ಜಾರುತ್ತಿದೆಯೋ ಎಂಬುದನ್ನರಿಯಲು ಎರಡರ ಮೇಲೂ ಹಾಯುವಂತೆ ಬಣ್ಣದ ಒಂದು ಗೆರೆ ಎಳೆದಿಡಿ. ಮುಂದಿನ ತಿಂಗಳು ಗೆರೆ ಎರಡಾಗಿದ್ದರೆ ಅದರ ಬೋಲ್ಟುಗಳನ್ನೂ ಬೆಣೆಯನ್ನೂ ನೋಡಿಕೊಳ್ಳಬೇಕು. ಅಲ್ಯೂಮಿನಿಯಂ ಕ್ವಾಡ್ರಂಟು ಉಕ್ಕಿನ ದಂಡವನ್ನು ಹಿಡಿದಿರುವ ಕಡೆ ಬಿಳಿಯ ಹಿಟ್ಟು ಕಂಡರೆ, ಉಪ್ಪುನೀರಿನ ಸಂಪರ್ಕದಲ್ಲಿ ಎರಡು ಲೋಹಗಳ ನಡುವೆ ನಡೆಯುವ ವಿದ್ಯುತ್‌ಕ್ರಿಯೆಯಿಂದ ಅಲ್ಯೂಮಿನಿಯಂ ಕರಗುತ್ತಿದೆಯೆಂದು ಅರ್ಥ.

ನಾಲ್ಕನೆಯ ಲಕ್ಷಣವನ್ನು, ಅಂದರೆ ಚಕ್ರದ ನೇರಸ್ಥಾನವನ್ನು ಗುರುತಿಸಲು ಅದರ ಮೇಲೆ ಕಟ್ಟಿದ ಹಗ್ಗದ ಗಂಟು ನೆತ್ತಿಯಲ್ಲಿದ್ದರೂ ದೋಣಿ ಒಂದು ಪಕ್ಕಕ್ಕೆ ಸರಿಯುವುದನ್ನು, ನಾನು ಎಲ್ಲಕ್ಕಿಂತ ಗಂಭೀರವಾಗಿ ಎಣಿಸುತ್ತೇನೆ. ಕೇಬಲ್ಲೂ ಕ್ವಾಡ್ರಂಟೂ ತಮ್ಮ ಸ್ಥಾನದಿಂದ ಕದಲಿಲ್ಲವೆಂದು ಖಚಿತವಾದಮೇಲೂ ಈ ಲಕ್ಷಣ ಉಳಿದಿದ್ದರೆ, ಹಲಗೆಯೊಳಗಿನ ಬೆಸುಗೆ ಬಿಟ್ಟು, ದಂಡವು ಹಲಗೆಯನ್ನು ಬಿಟ್ಟು ತಾನೊಂದೇ ತಿರುಗುತ್ತಿರುವ ಸಂಭವವುಂಟು. ಹಾಗಿದ್ದಲ್ಲಿ ಆ ದೋಣಿಯನ್ನು ಕೊಲ್ಲಿಯೊಳಗೂ ಓಡಿಸಬಾರದು.

ಇದನ್ನು ತೀರ್ಮಾನಿಸುವುದಕ್ಕೆ ದೋಣಿಯನ್ನು ನೀರಿನಿಂದ ಎತ್ತಿಸಲೇಬೇಕು. ಎತ್ತಿಸಿದ ಮೇಲೆ ಮೊದಲ ಕೆಲಸ, ಹಲಗೆಯ ಕೆಳತುದಿಯನ್ನು ಎರಡೂ ಕೈಗಳಿಂದ ಹಿಡಿದು ಹಿಂದಕ್ಕೂ ಮುಂದಕ್ಕೂ ಪಕ್ಕಕ್ಕೂ ಅಲುಗಾಡಿಸುವುದು. ತುಸು ಆಟ ಇದ್ದರೆ ಚಿಂತೆಯಿಲ್ಲ, ಟಕ್ಕೆಂಬ ಶಬ್ದ ಕೇಳಿದರೆ ಬುಷ್ ಸವೆದಿದೆ. ನೀವು ಹಾಯಿಯಲ್ಲಿ ವೇಗವಾಗಿ ಹೋಗುವಾಗ ಕೇಳಿಬರುತ್ತಿದ್ದ ಗಡಗಡ ಸದ್ದಿಗೂ ನಡುಕಕ್ಕೂ ಅದೇ ಮೂಲವಿರಬಹುದು. ಎರಡನೆಯದಾಗಿ, ಒಬ್ಬರು ಹಲಗೆಯನ್ನು ಅಲುಗದಂತೆ ಹಿಡಿದಿರಲು, ಇನ್ನೊಬ್ಬರು ಮೇಲಿನಿಂದ ಹಿಡಿಕೋಲನ್ನು ತಿರುಗಿಸಬೇಕು. ಹಲಗೆ ಕದಲದೆ ಕೋಲು ಕದಲಿತೋ, ನಿರ್ಣಯವಾಯಿತು. ಮೂರನೆಯದಾಗಿ, ತೆಂಗಿನಕಾಯಿ ಕೊಳ್ಳುವವನು ಬೆರಳಿನ ಗಂಟಿನಿಂದ ತಟ್ಟಿ ಕಿವಿಗೊಟ್ಟು ಆರಿಸುವಂತೆ, ಪ್ಲಾಸ್ಟಿಕ್ ಸುತ್ತಿಗೆಯಿಂದ ಹಲಗೆಯ ಮೈಯನ್ನೆಲ್ಲ ತಟ್ಟುತ್ತ ಬನ್ನಿ. ಗಟ್ಟಿಯಾದ ಕಡೆ ದನಿ ಚುರುಕಾಗಿಯೂ, ಚಿಪ್ಪು ಫೋಮನ್ನು ಬಿಟ್ಟ ಕಡೆ ಮಂಕಾಗಿಯೂ ಕೇಳುವುದು. ಕೊನೆಯದಾಗಿ, ಹಲಗೆಯ ಅತಿ ಕೆಳಗಿನ ಅಂಚಿನಲ್ಲಿ ಒಂದು ಸಣ್ಣ ರಂಧ್ರ ಕೊರೆದು ಕಾಯಬೇಕು.

ರಿಚ್‌ಮಂಡಿನ ಬೋಟ್‌ಯಾರ್ಡೊಂದರಲ್ಲಿ ಪರಿಚಿತರೊಬ್ಬರ ದೋಣಿಯ ಚುಕ್ಕಾಣಿಗೆ ಹೀಗೆ ರಂಧ್ರ ಕೊರೆದಾಗ ನಾನು ಪಕ್ಕದಲ್ಲಿದ್ದೆ. ಡ್ರಿಲ್ಲಿನ ಮೊನೆ ಚಿಪ್ಪನ್ನು ದಾಟಿದ ಕೂಡಲೆ ಮೊದಲು ಒಂದು ಹನಿ, ಅನಂತರ ಎಡೆಬಿಡದ ಧಾರೆ. ನೀರಿನ ಬಣ್ಣ ಬೆಲ್ಲದ ಪಾನಕದ್ದು, ವಾಸನೆ ಕೊಳೆತ ಮೊಟ್ಟೆಯದು. ಮರುದಿನ ಬೆಳಿಗ್ಗೆಯೂ ಅದು ತೊಟ್ಟಿಕ್ಕುತ್ತಲೇ ಇತ್ತು. ತಿಳಿನೀರು ಬಂದಿದ್ದರೆ ಫೋಮ್ ಮಾತ್ರ ನೆನೆದಿದೆಯೆಂದು ಸಮಾಧಾನಪಟ್ಟುಕೊಂಡು, ಒಣಗಿಸಿ, ಎಪಾಕ್ಸಿಯಿಂದ ಮುಚ್ಚಿ, ದಂಡದ ಸುತ್ತಣ ಸಂದನ್ನು ಹೊಸದಾಗಿ ಬಂದೋಬಸ್ತು ಮಾಡಿದರೆ ಸಾಕಾಗುತ್ತಿತ್ತು. ಕಂದುಬಣ್ಣವಾದರೋ ಒಳಗಿನ ಉಕ್ಕು ಕರಗುತ್ತಿರುವುದರ ಸಾಕ್ಷಿ. ಚಿಪ್ಪನ್ನು ಒಂದು ಮಗ್ಗುಲಿನಿಂದ ಕತ್ತರಿಸಿ ತೆಗೆದಾಗ ಫೋಮ್ ಕೈಯಲ್ಲಿ ಒದ್ದೆ ಹಿಟ್ಟಿನಂತೆ ಉದುರಿತು. ದಂಡಕ್ಕೆ ಬೆಸೆದಿದ್ದ ಮೂರು ಪಟ್ಟಿಗಳಲ್ಲಿ ಮೇಲಿನೆರಡು ಬೆಸುಗೆಯ ಗೆರೆಯಲ್ಲಿಯೇ ಬಿಟ್ಟಿದ್ದುವು, ಮೂರನೆಯದು ಒಂದು ಅಂಚಿನಲ್ಲಿ ಅಂಟಿಕೊಂಡಿತ್ತು. ಹೊರಗಡೆಯಿಂದ ಆ ಚುಕ್ಕಾಣಿ ನಿಷ್ಕಳಂಕವಾಗಿತ್ತು. ಹಿಂದಿನ ವರ್ಷವಷ್ಟೇ ಅದಕ್ಕೆ ಹೊಸ ಬಣ್ಣ ಬಳಿಸಿದ್ದರು. ಅವರು ಹೊಸ ಪಟ್ಟಿಗಳನ್ನು ಬೆಸೆಯಿಸಿ ಹಲಗೆಯನ್ನು ಹೊಸದಾಗಿ ಕಟ್ಟಿಸಿದರು. ಕೆಲವು ಹಳೆಯ ಮಾದರಿಗಳಿಗೆ ಮೂಲದ ಅಳತೆಯಲ್ಲಿಯೇ ಹೊಸ ಚುಕ್ಕಾಣಿ ಮಾಡಿಕೊಡುವವರೂ ಈ ದೇಶದಲ್ಲಿದ್ದಾರೆ.

ಕೀಲಿನ ಹಿಂಬದಿಗೆ ಅಂಟಿಕೊಂಡ ಚುಕ್ಕಾಣಿಯುಳ್ಳ ಇನ್ನೂ ಹಳೆಯ ದೋಣಿಯವರಿಗೆ ಈ ಭಯ ಅಷ್ಟಾಗಿ ಇಲ್ಲ. ಅವರು ನೋಡಬೇಕಾದುದು ಚುಕ್ಕಾಣಿಯ ಪಾದವನ್ನು ಹೊತ್ತಿರುವ ಕಂಚಿನ ತಳಪಟ್ಟಿಯನ್ನು. ಚಾಕುವಿನಿಂದ ಕೆರೆದರೆ ಹೊನ್ನಿನ ಬಣ್ಣ ತೋರಬೇಕು. ಗುಲಾಬಿಯ ಬಣ್ಣ ತೋರಿದರೆ ಅದರಲ್ಲಿದ್ದ ಸತು ಕಡಲಿನ ಪಾಲಾಗಿ, ಉಳಿದಿರುವುದು ಸತ್ತ್ವವಿಲ್ಲದ ತಾಮ್ರ. ಚುಕ್ಕಾಣಿಯ ಮುಂದೆ ಸ್ಕೆಗ್ ಎಂಬ ಆಸರೆಯಿರುವ ದೋಣಿಗಳಲ್ಲಿ ಅದು ಒಡಲನ್ನು ಸೇರುವ ಮೂಲೆಯ ಬಿರುಕುಗಳನ್ನು ಹುಡುಕಬೇಕು. ಯಾವ ಆಸರೆಯೂ ಇಲ್ಲದೆ ದಂಡವೊಂದರ ಮೇಲೆಯೇ ತೂಗುವ ಚುಕ್ಕಾಣಿಯವರಿಗೆ, ದಂಡವು ಒಡಲಿನಿಂದ ಹೊರಬರುವ ಕೆಳಗಿನ ಬೇರಿಂಗಿನ ಬಳಿಯೇ ಅತ್ಯಧಿಕ ಬಾಗುಬಲ ಬೀಳುವುದರಿಂದ, ಆ ಭಾಗ ಕಣ್ಣಿಗೆ ಬೀಳುವಂತೆ ದಂಡವನ್ನು ಇಳಿಸಿ ನೋಡದೆ ಪರೀಕ್ಷೆ ಮುಗಿಯಿತೆಂದು ಹೇಳಲಾಗದು.

ಇಷ್ಟೆಲ್ಲ ಶ್ರಮ ಒಂದು ದಿನದ ಪಯಣಕ್ಕಾಗಿ ಏಕೆಂದು ಕೇಳುವವರಿಗೆ ಸೇತುವೆಯ ಹೊರಗಣ ನೀರನ್ನು ನೆನಪಿಸಬಯಸುತ್ತೇನೆ. ಫ್ಯಾರಲಾನ್ ದ್ವೀಪಗಳಿರುವುದು ಸುಮಾರು 27 ನಾಟಿಕಲ್ ಮೈಲಿ ದೂರದಲ್ಲಿ. ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸಿ, ನಿಯಂತ್ರಣ ತಪ್ಪಿದ ದೋಣಿಯನ್ನು ದಡದ ಕಡೆಗೇ ನೂಕುತ್ತದೆ. ಗೇಟಿನಲ್ಲಿ ಇಳಿತದ ಸೆಳೆತ 4–5 ನಾಟ್‌ಗಳವರೆಗೆ ಏರುವುದುಂಟು, ಅದು ಗಾಳಿಗೆ ಎದುರಾದಾಗ ಅಲೆ ಕಡಿದಾಗುತ್ತದೆ. ನೀರಿನ ವೇಗ ಇಮ್ಮಡಿಯಾದರೆ ಚುಕ್ಕಾಣಿಯ ಮೇಲಣ ಬಲ ನಾಲ್ಮಡಿಯಾಗುತ್ತದೆ. ಹಿಂದಿನಿಂದ ಎತ್ತಿ ನೂಕುವ ಅಲೆಯ ಮೇಲೆ ದೋಣಿ ಜಾರುವ ಕ್ಷಣದಲ್ಲಿಯೇ ಆ ಬಲ ಪರಮಾವಧಿಗೇರುವುದು, ಚುಕ್ಕಾಣಿಯ ಅಗತ್ಯವೂ ಆ ಕ್ಷಣದಲ್ಲಿಯೇ ಪರಮಾವಧಿಯದು. 1979ರ ಫಾಸ್ಟ್‌ನೆಟ್ ಎಂಬ ಹಾಯಿದೋಣಿ ಪಂದ್ಯದಲ್ಲಿ 303 ದೋಣಿಗಳು ಹೊರಟು, ಬಿರುಗಾಳಿಗೆ ಸಿಕ್ಕಿ, ಪಂದ್ಯದ ಹದಿನೈದು ಮಂದಿ ನಾವಿಕರು ಅಸುನೀಗಿದರು. ಆ ಬಿರುಗಾಳಿಯಲ್ಲಿ ಹಲವು ದೋಣಿಗಳ ಚುಕ್ಕಾಣಿಗಳು ಮುರಿದುಹೋದುವು, ಕಾರ್ಬನ್ ಫೈಬರಿನ ದಂಡವುಳ್ಳವು ವಿಶೇಷವಾಗಿ. ಅವು ಹಳೆಯ ದೋಣಿಗಳೂ ಆಗಿರಲಿಲ್ಲ.

ನಮ್ಮವರ ಉದಾಹರಣೆಯೂ ಇದೆ. ಗೋವೆಯಲ್ಲಿ ಕಟ್ಟಿದ ತಾರಿಣಿ ಎಂಬ ನೌಕಾಪಡೆಯ ಹಾಯಿದೋಣಿಯಲ್ಲಿ ವರ್ತಿಕಾ ಜೋಶಿಯವರ ನೇತೃತ್ವದಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರಿನಲ್ಲಿ ಹೊರಟು, ದಕ್ಷಿಣದ ಮಹಾಸಾಗರಗಳ ಮೂಲಕ ಭೂಮಂಡಲವನ್ನು ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದರು. ಊರು ಸೇರುವುದಕ್ಕೆ ಒಂದೇ ಹಂತ ಉಳಿದಿದ್ದಾಗ ಚುಕ್ಕಾಣಿಯ ವ್ಯವಸ್ಥೆ ಕೆಟ್ಟಿತು. ಅವರು ತಮ್ಮ ಪ್ರಯಾಣಪಟ್ಟಿಯಲ್ಲಿಲ್ಲದ ಮಾರಿಷಸ್ಸಿನ ಪೋರ್ಟ್ ಲೂಯಿಗೆ ದೋಣಿಯನ್ನು ಒಯ್ದು, ದುರಸ್ತಿ ಮಾಡಿಸಿಕೊಂಡು ಮುಂದೆ ಸಾಗಿದರು. ಹೊಸ ದೋಣಿ, ನುರಿತ ಕೈ, ಹಿಂದೆ ನೌಕಾಪಡೆಯ ಬೆಂಬಲ, ಇಷ್ಟೆಲ್ಲ ಇದ್ದವರೇ ಅಷ್ಟು ಎಚ್ಚರ ವಹಿಸಿದರೆಂಬುದನ್ನು ದಯವಿಟ್ಟು ಗಮನಿಸಬೇಕು.

ಹಣದ ಮಾತನ್ನೂ ಆಡಿಬಿಡುತ್ತೇನೆ. ನಿಮ್ಮ ದೋಣಿಗಳಲ್ಲಿ ಹೊಸ ನಕಾಶೆಯ ಪರದೆಗಳನ್ನೂ, ಹೊಸ ಮೆತ್ತೆಗಳನ್ನೂ, ಧ್ವನಿವರ್ಧಕಗಳನ್ನೂ ಕಂಡಿದ್ದೇನೆ; ಅವುಗಳ ಬಗ್ಗೆ ನನಗೆ ಅಸೂಯೆಯಿಲ್ಲ. ಆದರೆ ಚುಕ್ಕಾಣಿಯನ್ನು ಒಮ್ಮೆ ಇಳಿಸಿ ನೋಡುವುದಕ್ಕೆ ತಗಲುವ ವೆಚ್ಚವನ್ನು ಅನಾವಶ್ಯಕವೆಂದು ಮುಂದೂಡಿ, ದೋಣಿಯ ದಿಕ್ಕನ್ನು ತೋರಿಸುವ ಯಂತ್ರಕ್ಕೆ ಅದೇ ಹಣವನ್ನು ಸುರಿಯುವುದು, ಆ ದಿಕ್ಕಿಗೆ ತಿರುಗುವ ಶಕ್ತಿ ದೋಣಿಗೆ ಉಳಿದಿದೆಯೇ ಎಂಬುದನ್ನು ವಿಚಾರಿಸದೆ ಇರುವುದು, ಯಾವ ದೃಷ್ಟಿಯಿಂದ ನೋಡಿದರೂ ನ್ಯಾಯವಲ್ಲ. ದೋಣಿಯಲ್ಲಿ ಕುಳಿತಿರುವವರು ನಿಮ್ಮ ಮಕ್ಕಳು, ನಿಮ್ಮ ತಂದೆತಾಯಿಗಳು. ಈಜು ಬಾರದ ಅತಿಥಿಗಳೂ ಅವರಲ್ಲಿರುತ್ತಾರೆ.

ಕೊಲ್ಲಿಯ ಬೋಟ್‌ಯಾರ್ಡುಗಳಲ್ಲಿ ಶರತ್ಕಾಲದ ದಿನಗಳು ಬೇಗ ತುಂಬಿಹೋಗುವುದರಿಂದ ಈಗಲೇ ದಿನ ಗೊತ್ತುಮಾಡಿಕೊಳ್ಳಿ. ಎರಡು ಮೂರು ದೋಣಿಗಳವರು ಒಂದೇ ವಾರದಲ್ಲಿ ಎತ್ತಿಸುವಂತೆ ಏರ್ಪಡಿಸಿಕೊಂಡರೆ ಉಪಕರಣಗಳನ್ನೂ ಕೈಯಾಳುಗಳನ್ನೂ ಹಂಚಿಕೊಳ್ಳಬಹುದು. ದೋಣಿಯನ್ನು ಬೆಲ್ಟುಗಳಲ್ಲಿ ಎತ್ತಿ ಹಿಡಿದಿರುವಾಗಲೇ ದಂಡವನ್ನು ಕೆಳಕ್ಕೆ ಬಿಡುವುದು ಸುಲಭ. ನೆಲಕ್ಕೆ ಇಳಿಸಿದಮೇಲೆ ಅದಕ್ಕಾಗಿ ಗುಂಡಿ ತೋಡಬೇಕಾದೀತು. ಆದ್ದರಿಂದ ಚುಕ್ಕಾಣಿ ಇಳಿಸುವುದುಂಟೆಂದು ಯಾರ್ಡಿನವರಿಗೆ ಮೊದಲೇ ತಿಳಿಸಿರತಕ್ಕದ್ದು. ದಿನ ನಿಶ್ಚಯವಾದಮೇಲೆ ನನಗೊಂದು ಮಾತು ಹೇಳಿ ಕಳುಹಿಸಿದರೆ, ಸುತ್ತಿಗೆ, ಟಾರ್ಚು, ಡ್ರಿಲ್ಲುಗಳೊಡನೆ ನಾನೂ ಬರುತ್ತೇನೆ.

ಇತಿ,
ನಿಮ್ಮ ಹಿತವನ್ನು ಬಯಸುವ
ಹಿರಿಯ ಹಾಯಿದೋಣಿಗನೊಬ್ಬ